ಪತ್ತನಾಜೆಯ ಒಳಗೆ ಅಮ್ಮನ ಕೋಣೆ

ಅಮ್ಮ ಇನ್ನು ಉಪ್ಪರಿಗೆ ಹತ್ತುವುದು ಬೇಡ ಎಂದು ನಾವು ಮೂವರು ಮಕ್ಕಳು ಕೂತು ತೀರ್ಮಾನಿಸಿದ್ದು ಮಕರ ಸಂಕ್ರಾಂತಿಯ ಮರುದಿನ. ಉದ್ಯಾವರದ ನಮ್ಮ ಮನೆಯ ಉಪ್ಪರಿಗೆಗೆ ಹದಿನಾಲ್ಕು ಮರದ ಮೆಟ್ಟಿಲು, ಎಲ್ಲ ಕಡಿದು. ಅಮ್ಮ ಒಂದೊಂದಕ್ಕೂ ನಿಂತು, ಮೊಣಗಂಟು ಒತ್ತಿಕೊಂಡು ಹತ್ತುತ್ತಿದ್ದಳು. ಕೇಳಿದರೆ "ನನಗೆಂತ ಆಗ್ಲಿಲ್ಲ" ಎಂಬ ಒಂದೇ ಉತ್ತರ.

ಕೆಳಗೆ ಸಿಗುವಂತೆ ಇದ್ದದ್ದು ಪೂರ್ವದ ಉಗ್ರಾಣ. ಹನ್ನೆರಡು ಅಡಿ ಉದ್ದ, ಹತ್ತಡಿ ಅಗಲ. ಮುರಕಲ್ಲಿನ ಗೋಡೆ, ರೆಡ್ ಆಕ್ಸೈಡ್ ನೆಲ, ತಲೆಯ ಮೇಲೆ ನೇರ ಹೆಂಚು. ಅಡಿಕೆ ಗೋಣಿ, ಸುಲಿಯದ ತೆಂಗಿನಕಾಯಿ, ಕಾಲು ಮುರಿದ ಬೆಂಚು ತುಂಬಿದ್ದ ಆ ಜಾಗವನ್ನು ಮಲಗುವ ಕೋಣೆ ಮಾಡಬೇಕಿತ್ತು. ಕೈಯಲ್ಲಿ 50,000 ರೂಪಾಯಿ.

ಅಷ್ಟು ಹಣಕ್ಕೆ ಹೊಸ ಮಂಚ, ಹೊಸ ಕಪಾಟು ಎರಡೂ ಬರುತ್ತದೆ. ಅಂಗಡಿಯವರೇ ತಂದು ಜೋಡಿಸಿ ಕೊಡುತ್ತಾರೆ. ಮೂರು ವರ್ಷದ ಹಿಂದೆ ನಾನೂ ಹಾಗೆ ಒಂದು ಕಪಾಟು ತಂದಿದ್ದೆ. ಮರದ ಪುಡಿ ಒತ್ತಿ ಮಾಡಿದ ಹಲಗೆ, ಮೇಲೆ ಚಂದದ ಹಾಳೆ. ಎರಡನೇ ಮಳೆಗಾಲಕ್ಕೆ ಅದರ ಬುಡ ಚಹಾಕ್ಕೆ ಅದ್ದಿದ ರಸ್ಕಿನ ಹಾಗೆ ಉಬ್ಬಿತು, ಬಿಜಾಗರಿಯ ಸ್ಕ್ರೂಗಳು ಹಿಡಿತವಿಲ್ಲದೆ ಕೈಗೇ ಬಂದವು. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಮಳೆ ಬೀಳುವ ಊರು ಇದು. ಅದೇ ಮನೆಯಲ್ಲಿ, ಅದೇ ನೆಲದ ಮೇಲೆ, ಅಜ್ಜಿಯ ಕಾಲದ ಕಲೆಂಬಿ, ಅಂದರೆ ಅಕ್ಕಿ ತುಂಬುವ ಮರದ ಪೆಟ್ಟಿಗೆ, ಒಂದು ಕೂದಲಿನಷ್ಟೂ ಕದಲದೆ ಕೂತಿತ್ತು. ಅದನ್ನು ನೋಡಿಯೇ ಹಳೆಯದನ್ನು ಹುಡುಕುವ ಎಂದು ಹೊರಟೆ. ನನ್ನ ಕೈಗೆ ಎಟುಕುವ ಕೆಲಸ ನಾನು ಮಾಡುವುದು, ಎಟುಕದ್ದಕ್ಕೆ ಬಡಗಿ ಆಚಾರ್ರನ್ನು ಕರೆಯುವುದು.

ಆಚಾರ್ರು ನಮ್ಮ ಮನೆಗೆ ಅಪ್ಪನ ಕಾಲದಿಂದ ಬರುವವರು. ಎಪ್ಪತ್ತು ದಾಟಿದೆ. ಅವರು ಹಾಕಿದ ಶರತ್ತು ಒಂದೇ: "ಅಂಟು, ಪಾಲಿಶು ಎಲ್ಲ ಪತ್ತನಾಜೆಯ ಒಳಗೆ ಮುಗೀಬೇಕು ತಂಗಿ. ಮತ್ತೆ ಮರಕ್ಕೆ ಕೈ ಹಾಕಿ ಪ್ರಯೋಜನ ಇಲ್ಲ." ಪತ್ತನಾಜೆ ಎಂದರೆ ತುಳುವರ ಬೇಷ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಯಕ್ಷಗಾನ ಮೇಳದವರು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವುದು ಅಂದೇ. ಮಳೆ ಯಾವಾಗ ಬೇಕಾದರೂ ಹಿಡಿಯಬಹುದು ಎನ್ನುವ ಗಡು ಅದು. ನನಗೆ ನಾಲ್ಕು ತಿಂಗಳು ಇತ್ತು.

ಮಂಚ ಕೊಳ್ಳುವ ಮೊದಲು ಎತ್ತರ ಗೊತ್ತಾಗಬೇಕು. ಇದನ್ನು ನಾನು ಅಮ್ಮನನ್ನೇ ಕೂರಿಸಿ ಅಳೆದೆ. ಜಗಲಿಯ ತಗ್ಗು ಬೆಂಚಿನ ಮೇಲೆ ಊಟದ ಮಣೆಗಳನ್ನು ಒಂದರ ಮೇಲೊಂದು ಇಟ್ಟು "ಕೂತು ಏಳಮ್ಮ" ಎಂದೆ. 17 ಇಂಚಿನಲ್ಲಿ ಕೂತಾಗ ಎರಡೂ ಕೈ ಊರಿ ಎದ್ದಳು. 20 ಇಂಚಿನಲ್ಲಿ ಪಾದ ಪೂರ್ತಿ ನೆಲಕ್ಕೆ ತಾಗಿತ್ತು, ಕೈ ಊರದೆ ಎದ್ದಳು. 23ಕ್ಕೆ ಪಾದ ಮೇಲಾಯಿತು. ಹಾಸಿಗೆ ಸೇರಿ 20 ಇಂಚು ಎಂದು ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಮುಂದೆ ಎಷ್ಟೋ ಜನ ಎಷ್ಟೋ ಸಲಹೆ ಕೊಟ್ಟಾಗ ಆ ಎರಡು ಗೆರೆ ನನ್ನನ್ನು ಕಾಪಾಡಿತು.

ನಮ್ಮ ಕಡೆ ಹಳೆ ಮರದ ಅಂಗಡಿಗಳು ಹೆದ್ದಾರಿಯ ಬದಿಯಲ್ಲೇ ಉಂಟು. ಹೆದ್ದಾರಿ 66 ಚತುಷ್ಪಥವಾಗುವಾಗ ಹೋದ ಮನೆಗಳದ್ದು, ಈಚೆಗೆ ಪಾಲಾಗಿ ಕೆಡವಿದ ಮನೆಗಳದ್ದು. ಬಾಗಿಲು, ದಳಿಯ ಕಿಟಕಿ, ಹೆಂಚಿನ ಮಾಡು ಹೊರುವ ಪಕ್ಕಾಸು, ರೀಪು, ಕಡೆದ ಕಂಬ, ಎಲ್ಲ ಮಳೆಬಿಸಿಲಿಗೆ ಒರಗಿ ನಿಂತಿರುತ್ತವೆ. ಅಂಥ ಒಂದು ಕಡೆ ಬಾಗಿಲುಗಳ ಹಿಂದೆ ಹಗ್ಗದಲ್ಲಿ ಕಟ್ಟಿಟ್ಟ ಮಂಚ ಸಿಕ್ಕಿತು. ಸೊಳ್ಳೆಪರದೆ ಕಟ್ಟುವ ನಾಲ್ಕು ಕಂಬ, ತಲೆಯ ಕಡೆ ಕಡೆದ ಕಡ್ಡಿಗಳ ಸಾಲು, ಎರಡು ಉದ್ದ ಪಟ್ಟಿ. "ಬೀಟೆ ಮಂಚ ಅಮ್ಮ, ಈಗ ಈ ಮರ ಸಿಕ್ಕಲಿಕ್ಕಿಲ್ಲ," ಎಂದರು ಅಂಗಡಿಯವರು. 18,000 ಹೇಳಿದರು.

ಎರಡನೇ ಸಲ ಆಚಾರ್ರು ಜತೆಗೆ ಬಂದರು. ಅವರು ಹೊರಗಿನ ಕಪ್ಪು ಹೊಳಪನ್ನು ನೋಡಲೇ ಇಲ್ಲ. ಉದ್ದ ಪಟ್ಟಿಯನ್ನು ಮಗುಚಿ, ಒಳಬದಿಯಲ್ಲಿ ಯಾರಿಗೂ ಕಾಣದ ಮೂಲೆಯಲ್ಲಿ, ಉಳಿಯಿಂದ ಉಗುರಿನಷ್ಟು ಚಕ್ಕೆ ಎಬ್ಬಿಸಿದರು. ಅರಸಿನದ ಕೊಂಬು ಮುರಿದ ಹಾಗೆ ಹಳದಿ. ಎಂಜಲು ಹಚ್ಚಿ ಬೆರಳಿನಲ್ಲಿ ಉಜ್ಜಿದರು, ಹಳದಿ ಇನ್ನೂ ಎದ್ದಿತು. "ಇದು ಹಲಸು. ಮೇಲಿಂದ ಕಪ್ಪು ಬಣ್ಣ ಕೊಟ್ಟದ್ದು." ಬೀಟೆಯಾದರೆ ಒಳಗೆ ನೇರಳೆ ಮಿಶ್ರಿತ ಕಂದು ಇರಬೇಕು, ಸಾಗುವಾನಿಯಾದರೆ ಎಣ್ಣೆಯ ಜಿಡ್ಡು, ಚರ್ಮದಂಥ ಒಂದು ವಾಸನೆ. ನನ್ನ ಮುಖ ಸಣ್ಣದಾದದ್ದು ನೋಡಿ ಆಚಾರ್ರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ವೀಣೆಗೆ, ಮೃದಂಗಕ್ಕೆ ಆಗುವ ಮರ ಮಂಚಕ್ಕೆ ಆಗ್ಲಿಕ್ಕಿಲ್ವಾ?" ಹಲಸಿನ ತಿರುಳು ಗಟ್ಟಿ, ಒರಲೆ ಸುಲಭಕ್ಕೆ ಮುಟ್ಟುವುದಿಲ್ಲ, ವರ್ಷ ಹೋದಂತೆ ಹಳದಿ ತಾನಾಗಿ ಕಂದಾಗುತ್ತದೆ. ಹಲಸಿನ ದರಕ್ಕೆ ಮಾತಾಡಿ 11,500ಕ್ಕೆ ಮುಗಿಸಿದೆವು. ಹಳೆ ಮರ ಕೊಳ್ಳುವವರು ಒಳಬದಿಯ ಒಂದು ಚಕ್ಕೆ ನೋಡದೆ ಮುಂಗಡ ಕೊಡಬಾರದು.

ಮನೆಯ ಚಾವಡಿಯಲ್ಲಿ ಮಂಚ ಜೋಡಿಸಿದಾಗ ಅದು ಅಲ್ಲಾಡಿತು. ಒಂದು ಕಂಬ ಹಿಡಿದು ನೂಕಿದರೆ ಇಡೀ ಮಂಚ ಓರೆಯಾಗಿ ಕಿರ್ರೆನ್ನುತ್ತಿತ್ತು. ಮೂಲೆಗೆ ಎರಡೆರಡರಂತೆ ತುಕ್ಕು ಹಿಡಿದ ಆಣಿ ಬೇರೆ ಹೊಡೆದಿದ್ದರು. ಆಣಿ ಕಿತ್ತು, ಉದ್ದ ಪಟ್ಟಿಗಳನ್ನು ಮರದ ಕೊಡತಿಯಿಂದ ಮೆಲ್ಲನೆ ಬಡಿದು ಬಿಡಿಸಿದೆ. ಪಟ್ಟಿಯ ತುದಿಯ ನಾಲಿಗೆ ಕಂಬದ ತೂತಿನೊಳಗೆ ಕೂರುವ ಜೋಡಣೆ. ಧೂಳು ಒರೆಸುವಾಗ ನಾಲಿಗೆಯ ಬುಡದಲ್ಲಿ ಸಣ್ಣ ಗೀರುಗಳು ಕಂಡವು. ಮೊದಲು ಪೆಟ್ಟಿನ ಗುರುತು ಎಂದುಕೊಂಡೆ. ಹಲ್ಲುಜ್ಜುವ ಹಳೆ ಬ್ರಶ್ಶಿನಿಂದ ಮಣ್ಣು ಕೆದಕಿದರೆ ಉಳಿಯಿಂದ ನೇರ ಕೊಚ್ಚಿದ ಗೆರೆಗಳು. ಒಂದು ತುದಿಯಲ್ಲಿ ಒಂದು, ಇನ್ನೊಂದರಲ್ಲಿ ಎರಡು, ಮತ್ತೊಂದು ಪಟ್ಟಿಯಲ್ಲಿ ಮೂರು, ನಾಲ್ಕು. ಕಂಬದ ತೂತಿನ ಪಕ್ಕದಲ್ಲೂ ಹಾಗೆಯೇ ಒಂದು, ಎರಡು, ಮೂರು, ನಾಲ್ಕು. ಯಾವ ನಾಲಿಗೆ ಯಾವ ತೂತಿಗೆ ಎಂದು ಮಾಡಿದವರು ಬರೆದಿಟ್ಟ ಲೆಕ್ಕ. ನಾವು ಒಂದರ ಪಟ್ಟಿಯನ್ನು ಮೂರಕ್ಕೆ ಹಾಕಿದ್ದೆವು. ನಮಗಿಂತ ಮೊದಲು ಯಾರೋ ಹಾಗೆಯೇ ಹಾಕಿ, ಅಲ್ಲಾಡಿತೆಂದು ಆಣಿ ಹೊಡೆದಿದ್ದರು.

ಪಟ್ಟಿಗಳನ್ನು ಅದಲುಬದಲು ಮಾಡಿ, ಒಂದಕ್ಕೆ ಒಂದು, ಎರಡಕ್ಕೆ ಎರಡು ಹಿಡಿದೆ. ಕೊಡತಿ ಬೇಕಾಗಲಿಲ್ಲ. ಅಂಗೈಯಿಂದ ಒತ್ತಿದ ಒತ್ತಡಕ್ಕೆ ನಾಲಿಗೆ ಒಳಗೆ ಹೋಗಿ 'ಠಪ್' ಎಂದು ಕೂತಿತು. ಆಮೇಲೆ ಕಂಬ ಹಿಡಿದು ನೂಕಿದರೆ ಮಂಚ ಜರುಗಿತೇ ಹೊರತು ಓರೆಯಾಗಲಿಲ್ಲ. ಆಣಿಯ ತೂತುಗಳಿಗೆ ಹಲಸಿನದ್ದೇ ಸಣ್ಣ ಗೂಟ ಕೆತ್ತಿ ತುಂಬಿದೆವು. ಇಡೀ ಮಂಚಕ್ಕೆ ಫೆವಿಕಾಲ್ ಹಾಕಿದ್ದು ಒಂದೇ ಕಡೆ, ಅದನ್ನು ಮುಂದೆ ಹೇಳುತ್ತೇನೆ. ಬಿಚ್ಚುವ ಹಾಗೆ ಮಾಡಿದ್ದನ್ನು ಬಿಚ್ಚುವ ಹಾಗೆಯೇ ಉಳಿಸಬೇಕು ಎನ್ನುವ ಹಟ ನನಗೆ ಬಂದದ್ದು ಆ ಗೆರೆಗಳನ್ನು ನೋಡಿದ ಮೇಲೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹೆರಿಟೇಜ್ ವಿಲೇಜಿಗೆ ಹಿಂದೊಮ್ಮೆ ಹೋಗಿದ್ದೆ. ಬೇರೆ ಬೇರೆ ಊರಿನ ಹಳೆ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಮರದ ಮನೆಯನ್ನು ಬಿಚ್ಚಿ ಮತ್ತೆ ಕಟ್ಟುವುದು ಹೇಗೆ ಎಂದು ಅಂದು ಬೆರಗಾಗಿತ್ತು. ಮಂಚದ ನಾಲ್ಕು ಮೂಲೆ ನನ್ನ ಕೈಯಲ್ಲಿ ಸೇರಿದಾಗ ಅದರ ಒಂದು ಎಳೆ ಅರ್ಥವಾಯಿತು.

ಫೆಬ್ರವರಿಯಲ್ಲಿ ಹುಳದ ಪರೀಕ್ಷೆ. ಹಳೆ ಮರ ಮನೆಯೊಳಗೆ ಬರುವ ಮೊದಲು ಇದು ಆಗಲೇಬೇಕು, ಇಲ್ಲದಿದ್ದರೆ ಪಕ್ಕಾಸಿಗೂ ಹಬ್ಬೀತು. ನಾನು ಮಾಡಿದ್ದು ಇಷ್ಟೆ: ಚಾವಡಿಯ ಹೊರಗೆ ಮಂಚದ ಪ್ರತಿ ತುಂಡನ್ನೂ ಬಡಿದು ಧೂಳು ಉದುರಿಸಿ, ಅಡಿಗೆ ಕಪ್ಪು ಚಾರ್ಟ್ ಪೇಪರ್ ಹಾಸಿ, ಒಂದು ವಾರ ಬಿಟ್ಟೆ. ಮೂರನೇ ಬೆಳಿಗ್ಗೆ ಒಂದು ಕಂಬದ ಬುಡದಲ್ಲಿ ಅಕ್ಕಿಹಿಟ್ಟಿನಂಥ ನಯವಾದ ಪುಡಿ, ಸಾಸಿವೆ ಕಾಳಿನಷ್ಟು ಎತ್ತರದ ಎರಡು ಗುಪ್ಪೆ. ಉಳಿದ ಹಾಳೆಗಳು ಸ್ವಚ್ಛ. ಹಳೆ ತೂತು ಇದ್ದ ಮಾತ್ರಕ್ಕೆ ಹುಳ ಇದೆ ಎಂದಲ್ಲ. ಹೊಸ ಪುಡಿ ಬಿದ್ದರೆ ಕುಟ್ಟೆ ಒಳಗೆ ಜೀವಂತ ಇದೆ ಎಂದರ್ಥ.

ಆಚಾರ್ರು ಆ ಕಂಬದ ಬುಡಕ್ಕೆ ಉಳಿ ಒತ್ತಿದರು. ಒಂದು ಬದಿಯಲ್ಲಿ ಅವಲಕ್ಕಿಯ ಹಾಗೆ ಪುಡಿಯಾಯಿತು, ಇನ್ನೊಂದು ಬದಿಯಲ್ಲಿ ಉಳಿ ಒಂದು ನೂಲು ಇಳಿಯಲಿಲ್ಲ. ಕಂಬ ಕಡೆಯುವಾಗ ಮರದ ಹೊರಗಿನ ಬಿಳಿ ಭಾಗ ಅಲ್ಲಿ ಉಳಿದುಹೋಗಿತ್ತು. ಕುಟ್ಟೆ ತಿನ್ನುವುದು ಆ ಬಿಳಿಯನ್ನು, ಅದರಲ್ಲಿ ಹುಳಕ್ಕೆ ಬೇಕಾದ ಪಿಷ್ಟ ಇರುತ್ತದೆ. ತಿರುಳಿಗೆ ಬಾಯಿ ಹಾಕುವುದು ಅಪರೂಪ. ಬುಡದ ಐದಿಂಚು ಕತ್ತರಿಸಿ, ಅರ್ಧಕ್ಕೆ ಅರ್ಧ ಮೇಲೆ ಕೂರುವ ಹಾಗೆ ಹೊಸ ಹಲಸಿನ ತಿರುಳು ಸೇರಿಸಿ, ಎರಡು ಗೂಟ ಹೊಡೆದರು. ಫೆವಿಕಾಲ್ ಹಾಕಿದ್ದು ಅಲ್ಲಿ. ಹೊಸ ತುಂಡು ಈಗಲೂ ಹಳದಿಯಾಗಿ ಬೇರೆಯೇ ಕಾಣುತ್ತದೆ. ಬಣ್ಣ ಕೊಟ್ಟು ಮುಚ್ಚುವ ಎಂದರು, ನಾನು ಬೇಡ ಎಂದೆ. ಹತ್ತು ವರ್ಷದಲ್ಲಿ ಅದೇ ಕಂದಾಗುತ್ತದೆ.

ಉಳಿದ ಮರಕ್ಕೆಲ್ಲ ಬಿಳಿಗಾರದ ನೀರು. ಒಂದು ಲೀಟರ್ ಬಿಸಿ ನೀರಿಗೆ 60 ಗ್ರಾಂ ಬಿಳಿಗಾರ, 40 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಬ್ರಶ್ಶಿನಲ್ಲಿ ಎರಡು ಸಲ ಹಚ್ಚಿದೆ. ತೂತುಗಳಿಗೆ ಇಂಜೆಕ್ಷನ್ ಸಿರಿಂಜಿನಲ್ಲಿ ಬಿಟ್ಟೆ. ಇದು ಬರಿ ಮರಕ್ಕೆ ಮಾತ್ರ ಇಳಿಯುತ್ತದೆ, ಪಾಲಿಶ್ ಇದ್ದರೆ ಮೇಲೆಯೇ ಜಾರಿ ಹೋಗುತ್ತದೆ. ನೀರು ತಾಗುವ ಹೊರಗಿನ ಮರಕ್ಕೆ ಪ್ರಯೋಜನವಿಲ್ಲ, ತೊಳೆದು ಹೋಗುತ್ತದೆ. ಕೈಗವಸು ಹಾಕಿದ್ದೆ, ಪಾತ್ರೆಯನ್ನು ಮತ್ತೆ ಅಡಿಗೆಮನೆಗೆ ತರಲಿಲ್ಲ. ಆಚಾರ್ರಿಗೆ ಗೇರೆಣ್ಣೆಯ ಮೇಲೆಯೇ ಹೆಚ್ಚು ನಂಬಿಕೆ. ಗೇರುಬೀಜದ ಸಿಪ್ಪೆಯ ಆ ಎಣ್ಣೆಯನ್ನು ನಮ್ಮ ಮಾಡಿನ ಪಕ್ಕಾಸಿಗೆ ಹಚ್ಚಿದವರು ಅವರೇ, ಅದರ ಕಪ್ಪು ಇವತ್ತಿಗೂ ಉಂಟು. ಆದರೆ ಅದು ಚರ್ಮಕ್ಕೆ ತಾಗಿದರೆ ಸುಟ್ಟು ಬೊಕ್ಕೆ ಏಳುತ್ತದೆ. ಅಮ್ಮ ಕೈಯಿಟ್ಟು ಏಳುವ ಮಂಚಕ್ಕೆ ಅದು ಬೇಡ ಎಂದು ನಿಲ್ಲಿಸಿದೆ. ತಿಗಣೆಯ ಭಯಕ್ಕೆ ಎಲ್ಲ ಸಂದಿಗೂ ಕುದಿನೀರು ಹೊಯ್ದು ನೆರಳಿನಲ್ಲಿ ಒಣಗಿಸಿದ್ದು ಇದಕ್ಕೂ ಮೊದಲೇ ಆಗಿತ್ತು.

ಕಪಾಟು ಸಿಕ್ಕಿದ್ದು ಮಂಗಳೂರಿನ ಜೆಪ್ಪುವಿನಲ್ಲಿ, ಹೆಂಚಿನ ಮನೆ ಬಿಟ್ಟು ಫ್ಲ್ಯಾಟಿಗೆ ಹೋಗುವವರಿಂದ. ನಡುವಿನ ಬಾಗಿಲಿಗೆ ನಿಲುಗನ್ನಡಿ, ಕೆಳಗೆ ಎರಡು ಡ್ರಾವರು. 7,000 ಕೊಟ್ಟೆ. ಕನ್ನಡಿಯ ಹಿಂದಿನ ಲೇಪ ಅಲ್ಲಲ್ಲಿ ಹೋಗಿ ಕಪ್ಪು ಚುಕ್ಕೆ ಎದ್ದಿತ್ತು. ಬದಲಾಯಿಸಲಿಲ್ಲ, ಮುಖ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಇದ್ದದ್ದು ಬಣ್ಣದ್ದು. ಮೇಲೆ ಕಾಫಿ ಬಣ್ಣ, ಅದರಡಿ ಕೆನೆ ಬಣ್ಣ, ಅದರಡಿ ಪಾಚಿ ಹಸಿರು, ಎಲ್ಲ ಎನಾಮಲ್. ಇಂಥದ್ದನ್ನು ಒಣ ಸ್ಯಾಂಡ್ ಪೇಪರಿನಲ್ಲಿ ಉಜ್ಜಬೇಡಿ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಪಾಲು, ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಎನಾಮಲಿನಲ್ಲಿ ಸೀಸ ಇರಬಹುದು ಎಂದೇ ತಿಳಿದು ಕೆಲಸ ಮಾಡಬೇಕು. ಪುಡಿ ಉಸಿರಿಗೆ ಹೋಗಬಾರದು, ಮಕ್ಕಳ ಕೈಗೆ ತಾಗಬಾರದು.

ತಂಗಿಯ ಮಕ್ಕಳನ್ನು ಆ ಮೂರು ದಿನ ಅವರ ಮನೆಯಲ್ಲೇ ಇರಿಸಿದೆವು. ಅಂಗಳದಲ್ಲಿ ಪ್ಲಾಸ್ಟಿಕ್ ಹಾಸಿ, ಮಾಸ್ಕು, ಕೈಗವಸು ಹಾಕಿ, ಪೇಂಟ್ ರಿಮೂವರ್ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಸುಕ್ಕುಗಟ್ಟಿದ ಬಣ್ಣವನ್ನು ಮೊಂಡು ತಗಡಿನಿಂದ ಎತ್ತಿದೆ. ಮೂಲೆಗಳಿಗೆ ತೆಂಗಿನ ಕಡ್ಡಿ ಚೂಪು ಮಾಡಿಕೊಂಡೆ, ಕಬ್ಬಿಣದ ಹಾಗೆ ಗೀರುವುದಿಲ್ಲ. ಎತ್ತಿದ್ದನ್ನೆಲ್ಲ ಹಳೆ ಡಬ್ಬದಲ್ಲಿ ತುಂಬಿ ಮುಚ್ಚಿದೆ, ತೆಂಗಿನ ಬುಡಕ್ಕೆ ಹಾಕಲಿಲ್ಲ. ಹಸಿರಿನ ಅಡಿಯಲ್ಲಿ ಬಂದದ್ದು ಹೆಬ್ಬಲಸು, ತುಳುವಿನ ಪೆಜ. ಬೆಳಗಿನ ಬಿಸಿಲಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದಾಗ ಅದರ ಎಳೆಗಳು ಜೇನಿನ ಬಣ್ಣಕ್ಕೆ ಎದ್ದದ್ದನ್ನು ನಾನು ಅಮ್ಮನನ್ನು ಕರೆದು ತೋರಿಸಿದೆ. ಅಲ್ಲಿಯ ತನಕ "ಬೇಡ ಮಾರಾಯ್ತಿ, ನನಗೆ ಒಂದು ಚಾಪೆ ಸಾಕು" ಎನ್ನುತ್ತಿದ್ದವಳು ಬಾಗಿಲಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. "ಇದಕ್ಕೆ ಬಣ್ಣ ಬಳಿಲಿಕ್ಕೆ ಅವರಿಗೆ ಮನಸ್ಸಾದರೂ ಹೇಗೆ ಬಂತು?"

ಹಿಂದಿನ ಪ್ಲೈವುಡ್ ಪದರ ಬಿಟ್ಟಿತ್ತು, ಕಿತ್ತೆಸೆದೆ. ಅದರ ಬದಲು ಹಳೆ ರೀಪುಗಳನ್ನು ನಡುವೆ ಅರ್ಧ ಇಂಚು ಬಿಟ್ಟು ಹೊಡೆದೆವು. ಕಪಾಟಿನೊಳಗೆ ಗಾಳಿ ಆಡದಿದ್ದರೆ ಜುಲೈಯಲ್ಲಿ ಸೀರೆಗಳಿಗೆ ಬೂಷ್ಟು ಬರುತ್ತದೆ. ಗೋಡೆಯಿಂದ ಮೂರಿಂಚು ಬಿಟ್ಟು, ನಾಲ್ಕು ಕಾಲಿಗೂ ಕಲ್ಲಿನ ಬಿಲ್ಲೆ ಇಟ್ಟು ನಿಲ್ಲಿಸಿದೆ.

ಗೋಡೆ, ನೆಲಕ್ಕೆ ಮಾರ್ಚ್ ಪೂರ್ತಿ ಹೋಯಿತು, ಹೇಳುವಂಥದ್ದು ಕಡಿಮೆ. ಯಾವಾಗಲೋ ಬಳಿದ ಪ್ಲಾಸ್ಟಿಕ್ ಪೇಂಟು ಹಪ್ಪಳದ ಹಾಗೆ ಎದ್ದಿತ್ತು. ಮುರಕಲ್ಲು ನೀರು ಹೀರಿ ಬಿಡುವ ಕಲ್ಲು, ಆ ಪೇಂಟು ಅದರ ಬಾಯಿ ಕಟ್ಟುತ್ತದೆ. ಎಲ್ಲ ಕೆರೆದು, ಗೋಡೆಗೆ ನೀರು ಚಿಮುಕಿಸಿ, ಚಿಪ್ಪು ಸುಣ್ಣ ರಾತ್ರಿಯಿಡೀ ನೆನೆಸಿ ಸೋಸಿ ಒಂದು ಚೂರು ನೀಲಿ ಬೆರೆಸಿ ಮೂರು ಕೈ ಹೊಡೆದೆ. ನೆಲದ ಬಿರುಕುಗಳಿಗೆ ಸಿಮೆಂಟು, ರೆಡ್ ಆಕ್ಸೈಡ್ ಪುಡಿ ಕಲಸಿ ತುಂಬಿ, ಒಣಗಿದ ಮೇಲೆ ತೆಂಗಿನೆಣ್ಣೆ ಹಚ್ಚಿದ ಹಳೆ ಬಟ್ಟೆಯಿಂದ ಒಂದು ವಾರ ಬೆಳಿಗ್ಗೆ ಸಂಜೆ ಉಜ್ಜಿದೆ. ಕಾಲು ಜಾರಬಾರದೆಂದು ಕೊನೆಗೆ ಸೋಪಿನ ನೀರಿನಲ್ಲಿ ಜಿಡ್ಡು ತೆಗೆದೆ. ವಯರಿಂಗು ಹಳೆಯದನ್ನು ಒಂದಿಂಚೂ ಉಳಿಸಲಿಲ್ಲ, ಅದು ಎಲೆಕ್ಟ್ರಿಶಿಯನ್ನರ ಕೆಲಸ.

ಕೋಣೆ ಮಾತ್ರ ಕತ್ತಲು. ಅದಕ್ಕೆ ಎರಡು ಹೆಂಚು ತೆಗೆದು ಗಾಜಿನ ಹೆಂಚು ಕೂರಿಸಿದೆವು, ಅಚ್ಚು ಒಂದೇ ಆದ್ದರಿಂದ ಸರಿಯಾಗಿ ಕೂರುತ್ತದೆ. ಇಳಿಸಿದ ಹೆಂಚಿನ ಅಡಿಯಲ್ಲಿ ಬಾಸೆಲ್ ಮಿಶನ್ನಿನ ಮುದ್ರೆ, 1865 ಎಂಬ ಇಸವಿ ಇತ್ತು. ತಮ್ಮ ಅದನ್ನು ಹಿಡಿದುಕೊಂಡು "ಅಕ್ಕ, ನಮ್ಮ ಹೆಂಚಿಗೆ ನೂರೈವತ್ತು ವರ್ಷ ಆಯ್ತು" ಎಂದು ಕುಣಿದ. ಅದು ಜೆಪ್ಪುವಿನಲ್ಲಿ ನೇತ್ರಾವತಿಯ ದಡದಲ್ಲಿ ಆ ಮಿಶನ್ನಿನವರ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಆದರೂ ಎರಡನ್ನೂ ಎಸೆಯದೆ ತೊಳೆದು ಇಟ್ಟಿದ್ದೇನೆ.

ಏಪ್ರಿಲ್ ಪಾಲಿಶಿನ ತಿಂಗಳು. ನಾನು ಆರಿಸಿದ್ದು ಅರಗಿನ ಪಾಲಿಶು. ಮರದ ಟೊಂಗೆಯಲ್ಲಿ ಅರಗಿನ ಹುಳ ಕಟ್ಟುವ ಅಂಟನ್ನು ಕಾಯಿಸಿ ಸೋಸಿ ಮಾಡಿದ ಚಕ್ಕೆ ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ಲೀಟರ್ ಪಾಲಿಶ್ ಸ್ಪಿರಿಟ್ಟಿಗೆ 150 ಗ್ರಾಂ ಚಕ್ಕೆ ಹಾಕಿ ಗಾಜಿನ ಬಾಟ್ಲಿಯಲ್ಲಿ ಎರಡು ರಾತ್ರಿ ಬಿಟ್ಟು, ಹಳೆ ಪಂಚೆಯಲ್ಲಿ ಸೋಸಿದೆ. ಮರವನ್ನು 120, ಆಮೇಲೆ 220ರ ಪೇಪರಿನಲ್ಲಿ ಎಳೆಯ ದಿಕ್ಕಿಗೇ ಉಜ್ಜಿ ಒರೆಸಿ, ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ ಅದ್ದಿ ತೆಳ್ಳಗೆ ಎಳೆಯಬೇಕು. ಮೊದಲ ನಾಲ್ಕು ಕೈ ಮರವೇ ಕುಡಿದುಬಿಡುತ್ತದೆ, ಏನೂ ಕಾಣುವುದಿಲ್ಲ. ಐದಾರಕ್ಕೆ ಹೊಳಪು ಮೆಲ್ಲನೆ ಏಳುತ್ತದೆ. ಮಂಚಕ್ಕೆ ಹನ್ನೊಂದು ಕೈ ಹೋಯಿತು, ಕಪಾಟಿಗೆ ಒಂಬತ್ತು. ಬೇಸಗೆಯಲ್ಲಿ ಒಂದು ಕೈಗೂ ಇನ್ನೊಂದಕ್ಕೂ ನಡುವೆ ಒಂದು ಗಂಟೆ ಸಾಕು. ಅರಗಿಗೆ ಬಿಸಿ ಲೋಟ, ಸ್ಪಿರಿಟ್ ಎರಡೂ ಆಗುವುದಿಲ್ಲ. ಆದರೆ ಗೀರು ಬಿದ್ದರೆ ಇಡೀ ಹಲಗೆ ಕೆರೆಯಬೇಕೆಂದಿಲ್ಲ, ಅಷ್ಟು ಜಾಗಕ್ಕೆ ಹಚ್ಚಿದರೆ ಹಳೆಯದರೊಡನೆ ಕರಗಿ ಸೇರುತ್ತದೆ. ಮನೆಯವರೇ ಸರಿಮಾಡಿಕೊಳ್ಳಬಹುದಾದ ಪಾಲಿಶು ಎಂದೇ ಅದನ್ನು ಹಿಡಿದೆ.

ಹಾಸಿಗೆಯ ವಿಷಯದಲ್ಲಿ ಜಗಳವೇ ಆಯಿತು. ಮಂಚದ ಹಲಗೆಯ ಎತ್ತರ 17 ಇಂಚು. ಅಂಗಡಿಯಲ್ಲಿ ತೋರಿಸಿದ ಫೋಮ್ ಹಾಸಿಗೆ ಎಂಟಿಂಚು ದಪ್ಪ, ಒಟ್ಟು 25 ಆಗುತ್ತದೆ. "ಮಂಚದ ಕಾಲು ಐದಿಂಚು ಕಡಿಸಿ ಬಿಡಿ," ಎಂದರು ಅಂಗಡಿಯವರು. ತಮ್ಮನೂ ಅದಕ್ಕೆ ಹೂಂ ಎಂದ. ಕಡಿದ ಕಾಲು ಮತ್ತೆ ಬರುವುದಿಲ್ಲ. ಈ ಮಂಚಗಳನ್ನು ಮಾಡಿದ್ದು ತೆಳ್ಳಗಿನ ಹತ್ತಿ ಹಾಸಿಗೆಯ ಲೆಕ್ಕದಲ್ಲಿ, ಬದಲಾಗಬೇಕಾದ್ದು ಹಾಸಿಗೆ. ಬೂರುಗದ ಹತ್ತಿ 12 ಕಿಲೋ ತುಂಬಿಸಿ, 74 ಇಂಚು ಉದ್ದ, 48 ಇಂಚು ಅಗಲಕ್ಕೆ ಹೊಲಿಸಿದೆ. ಬೂರುಗದ ಎಳೆಗೆ ಮೇಣದ ಗುಣ ಇದೆ, ಬೇರೆ ಹತ್ತಿಯಷ್ಟು ತೇವ ಹಿಡಿಯುವುದಿಲ್ಲ. ಮಲಗಿ ಮಲಗಿ ಕೂತ ಮೇಲೆ ದಪ್ಪ ಮೂರಿಂಚು. 17 ಮತ್ತು 3, ಇಪ್ಪತ್ತು. ಅಡಿಗೆ ಹೆಬ್ಬಲಸಿನ ಹದಿನಾರು ಪಟ್ಟಿ, ನಡುವೆ ಒಂದೂವರೆ ಇಂಚು ಸಂದಿ, ಗಾಳಿಗೆ.

ಮಂಚದ ಕಾಲಕಡೆಗೆ ಅಜ್ಜಿಯ ಕಲೆಂಬಿ ಬಂತು. ಅಕ್ಕಿ ತುಂಬುತ್ತಿದ್ದ ಪೆಟ್ಟಿಗೆ, ಈಗ ಕಂಬಳಿ, ಚಾದರ. ಮುಚ್ಚಳ ಒಬ್ಬರೇ ಎತ್ತುವುದು ಕಷ್ಟ, ಅಮ್ಮನ ಕೈ ಮೇಲೆ ಬಿದ್ದರೆ ಬೆರಳು ಉಳಿಯದು. ಎರಡೂ ಬದಿಗೆ ಹಿತ್ತಾಳೆಯ ಸರಪಳಿ ಹಾಕಿ, ಮುಚ್ಚಳ ಹಿಂದಕ್ಕೆ ಒರಗಿ ನಿಲ್ಲುವ ಹಾಗೆ ಮಾಡಿದೆವು. ಕಿಟಕಿಯ ಹತ್ತಿರ 1,200ಕ್ಕೆ ತಂದ ಬೆತ್ತದ ಈಸಿಚೇರು. ಅದರ ಜೋತುಬಿದ್ದ ಬೆತ್ತವನ್ನು ಬಿಸಿನೀರಿನ ಬಟ್ಟೆಯಿಂದ ಅಡಿಬದಿಗೆ ಒದ್ದೆ ಮಾಡಿ ನೆರಳಿಗೆ ಇಟ್ಟರೆ, ಒಣಗುವಾಗ ತಾನೇ ಬಿಗಿಯಿತು. ಹರಿದ ಒಂದು ಮೂಲೆಯನ್ನಷ್ಟೇ ಹೆಣೆಸಿದೆ. ಪರದೆಗೆ ಅಮ್ಮನದ್ದೇ ಎರಡು ಹಳೆ ಉಡುಪಿ ಸೀರೆ. ಕೈಮಗ್ಗದ ತೆಳು ಹತ್ತಿ, ಮಳೆಗಾಲದಲ್ಲೂ ಬೇಗ ಒಣಗುತ್ತದೆ.

ಮೇ 20ಕ್ಕೆ ಅಮ್ಮ ಕೆಳಗೆ ಮಲಗಿದಳು. ಖರ್ಚು: ಮಂಚ 11,500, ಕಪಾಟು 7,000, ಟೆಂಪೋ ಎರಡು ಬಾಡಿಗೆ 3,200, ಆಚಾರ್ರಿಗೆ ಆರು ದಿನಕ್ಕೆ 7,200, ಹಾಸಿಗೆ 6,800, ಪಾಲಿಶಿನ ಸಾಮಾನು 3,400, ಗೋಡೆ, ನೆಲ, ಹೆಂಚು 2,900, ವಯರಿಂಗು 2,600, ಕುರ್ಚಿ ಹೆಣೆಸಿದ್ದು ಸೇರಿ 2,100. ಉಳಿದ ಹಣದಲ್ಲಿ, ಮಾತ್ರೆ, ನೀರಿನ ಚೊಂಬು ಇಡಲಿಕ್ಕೆಂದು, 800 ಕೊಟ್ಟು ಸಣ್ಣ ಮೇಜು ತಂದೆ. ತಪ್ಪಿದ್ದು ಅಲ್ಲಿ. ಪತ್ತನಾಜೆ ಕಳೆದಿತ್ತು. ಜೂನ್ ಎರಡನೇ ವಾರ, ಮಳೆ ಬಿಟ್ಟ ಒಂದು ಮಧ್ಯಾಹ್ನ ನೋಡಿ ಅದಕ್ಕೆ ಪಾಲಿಶು ಎಳೆದೆ. ಹತ್ತು ನಿಮಿಷದಲ್ಲಿ ಹಲಗೆಯ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಬಿಳಿ ಮಂಜು ಎದ್ದಿತು. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಅರಗಿನೊಳಗೆ ಸಿಕ್ಕಿಕೊಳ್ಳುತ್ತದೆ. ಬರಿ ಸ್ಪಿರಿಟ್ ತಾಗಿಸಿದ ಬಟ್ಟೆಯಿಂದ ಮೆಲ್ಲನೆ ಒರೆಸಿದೆ, ಮಂಜು ಕರಗಿತು, ಮರ ಕಂಡಿತು, ಸಂಜೆಗೆ ಮತ್ತೆ ಬಿಳಿಚಿತು. ಎರಡು ಸಲ ಹೀಗಾದ ಮೇಲೆ ಬಿಟ್ಟೆ. ದೀಪಾವಳಿ ಕಳೆದು, ಒಣ ಗಾಳಿ ಬೀಸತೊಡಗಿದ ಮೇಲೆ ಒಂದೇ ಸಲ ಸ್ಪಿರಿಟ್ಟಿನಿಂದ ಒರೆಸಿ ಎರಡು ಕೈ ಎಳೆದದ್ದಕ್ಕೆ ಸರಿಯಾಯಿತು. ಅಮ್ಮನ ಕಾಫಿ ಲೋಟಕ್ಕೆ ಅದರ ಮೇಲೆ ಈಗ ಒಂದು ದಪ್ಪ ಬಟ್ಟೆ ಇದೆ.

ಅದೇ ಜೂನಿನ ಕೊನೆಗೆ ಕಪಾಟಿನ ಕನ್ನಡಿ ಬಾಗಿಲು ಹಿಡಿಯತೊಡಗಿತು. ಎಳೆದರೆ ಮೇಲಿನ ಅಂಚು ಉಜ್ಜಿ ಕಿರುಗುಟ್ಟುತ್ತಿತ್ತು. ಅಮ್ಮನಿಗೆ ಬಲ ಹಾಕಬೇಕಾಗುತ್ತದೆ, ಸ್ವಲ್ಪ ಕೀಸಿ ಕೊಡಿ ಎಂದು ಆಚಾರ್ರಿಗೆ ಫೋನ್ ಮಾಡಿದೆ. ಅವರು ಬರಲು ಒಪ್ಪಲಿಲ್ಲ. "ಮರ ಈಗ ನೀರು ಕುಡಿದಿದೆ ತಂಗಿ. ಈಗ ಕೀಸಿದ್ರೆ ಮಾರ್ಚಿಗೆ ಬಾಗ್ಲು ಸಡಿಲ ಆಗಿ ಚಿಲಕವೇ ಕೂರ್ಲಿಕ್ಕಿಲ್ಲ. ಸ್ವಲ್ಪ ಮೇಣ ಉಜ್ಜಿ. ಡಿಸೆಂಬರಿಗೆ ನೋಡುವ." ಮೇಣದಬತ್ತಿ ಉಜ್ಜಿದೆ, ಮಳೆಗಾಲ ಹೇಗೋ ಕಳೆಯಿತು.

ಡಿಸೆಂಬರ್ ಎರಡನೇ ವಾರ ಬಂದರು. ಅಮ್ಮ ಈಸಿಚೇರಿನಲ್ಲಿ ಕೂತು ನೋಡುತ್ತಿದ್ದಳು. ಆಚಾರ್ರು ಬಾಗಿಲನ್ನು ಎರಡು ಸಲ ತೆಗೆದು ಹಾಕಿದರು, ಸದ್ದಿಲ್ಲ. ಅಂಗಿಯ ಕಿಸೆಯಿಂದ ಒಂದು ರೂಪಾಯಿ ನಾಣ್ಯ ತೆಗೆದು ಮೇಲಿನ ಸಂದಿಯಲ್ಲಿ ಈ ತುದಿಯಿಂದ ಆ ತುದಿಗೆ ಎಳೆದರು. ಎಲ್ಲೂ ತಡೆಯದೆ ಹೋಯಿತು. ಕೀಸುಳಿ ಚೀಲದಲ್ಲೇ ಇತ್ತು. ಚಹಾ ಕುಡಿದು ಹೊರಟರು.